ಟೀ ಎಲೆ ಮೊದಲು ತೊಳೆಯೋದು ನಿಮ್ಮ ಲೋಟದಲ್ಲಿ

ಟೀ ಸರಿಯಾಗಿ ಬೆಳೆಯುತ್ತಾರೆ ಅನ್ನುವ ಸರ್ಟಿಫಿಕೇಟ್ ಕೇಳುವ ತೋಟಗಳಿಗೆ ಹೋಗಿ ನೋಡುವುದು ನನ್ನ ಕೆಲಸ. ಮೂಡಿಗೆರೆ ಕಡೆಯ ಒಂದು ಟೀ ತೋಟದ ಮ್ಯಾನೇಜರ್ ಫೋನ್ ಮಾಡಿದ್ದರು. ‘ಸಾರ್, ಸರ್ಟಿಫಿಕೇಟಿಗೆ ಎಲ್ಲಾ ರೆಡಿ. ಇನ್ನೂರು ಸಸಿ ನೆಟ್ಟಿದ್ದೀವಿ. ಶಾಲೆ ಮಕ್ಕಳಿಗೆ ಬ್ಯಾಗ್ ಕೊಟ್ಟಿದ್ದೀವಿ. ಫೋಟೊ ಕಳಿಸ್ಲಾ?’ ಕಳಿಸಿ ಅಂದೆ. ಹನ್ನೊಂದು ಫೋಟೊ ಬಂದವು. ಎಲ್ಲದರಲ್ಲೂ ಸಸಿಗಿಂತ ಬ್ಯಾನರೇ ದೊಡ್ಡದು.

ಸಸಿ ನೆಡಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬ್ಯಾಗ್ ಸಿಕ್ಕಿದ ಮಗುವಿಗೂ ಖುಷಿಯೇ. ಆದರೆ ತೋಟಕ್ಕೆ ಹೋದಾಗ ನಾನು ಮೊದಲು ಕೇಳುವುದು ಎರಡು ಪುಸ್ತಕ. ಒಂದು ಔಷಧಿ ಹೊಡೆದಿದ್ದರದ್ದು, ಇನ್ನೊಂದು ಎಲೆ ಕಿತ್ತಿದ್ದರದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಬ್ಲಾಕ್, ಅಂದರೆ ತೋಟದ ಭಾಗದ ನಂಬರ್ ಹುಡುಕುತ್ತೇನೆ. ಒಂದು ವರ್ಷದ ಪುಸ್ತಕ ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ಬರೆದ ಹಾಗಿದ್ದರೆ ಅಲ್ಲಿಗೇ ಮುಚ್ಚಿ ಕಾಫಿ ಕೇಳುತ್ತೇನೆ. ಇವರದ್ದು ಹಾಗಿರಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಪ್ರಾಮಾಣಿಕ, ಇದ್ದದ್ದನ್ನೇ ಬರೆದಿದ್ದ. ನಾಲ್ಕನೇ ಬ್ಲಾಕಿಗೆ ಮಂಗಳವಾರ ಔಷಧಿ. ಶುಕ್ರವಾರ ಅಲ್ಲೇ ಎಲೆ ಕಿತ್ತಿದ್ದಾರೆ. ಡಬ್ಬದ ಲೇಬಲ್ಲಿನಲ್ಲಿ ಏಳು ದಿನ ಕಾಯಬೇಕು ಅಂತ ಇತ್ತು.

ತೋರಿಸಿದೆ. ‘ಮಧ್ಯೆ ಮಳೆ ಬಂತಲ್ಲ ಸಾರ್, ತೊಳೆದು ಹೋಗಿರುತ್ತೆ’ ಅಂದರು.

ತೊಳೆದು ಎಲ್ಲಿಗೆ ಹೋಯಿತು? ತೋಟದ ಕೆಳಗೆ ಹಳ್ಳ. ಆ ಹಳ್ಳ ಸೇರುವುದು ಹೇಮಾವತಿಗೆ. ಹೇಮಾವತಿ ಹುಟ್ಟುವುದೇ ಇದೇ ತಾಲೂಕಿನ ಜಾವಳಿಯಲ್ಲಿ. ಗೊರೂರಿನಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ ಅದೇ ನೀರನ್ನು ಹಾಸನದವರು ಕುಡಿಯುತ್ತಾರೆ. ಇನ್ನೊಂದು ಮಾತು: ಎಲೆಯ ಮೇಲೆ ಕೂರುವ ಔಷಧಿ ಮಳೆಗೆ ಸ್ವಲ್ಪ ಹೋಗಬಹುದು. ಎಲೆಯೊಳಗೆ ಇಳಿಯುವ ಔಷಧಿ ಎಂಥಾ ಮಳೆಗೂ ಜಗ್ಗುವುದಿಲ್ಲ.

ತಪ್ಪು ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ನಮ್ಮ ಜಿಲ್ಲೆಯ ಮ್ಯಾನೇಜರುಗಳು ಹೆಚ್ಚಿನವರು ಕಾಫಿಯಲ್ಲಿ ಬೆಳೆದವರು. ಕಾಫಿ ಕೊಯ್ಲು ವರ್ಷಕ್ಕೊಮ್ಮೆ. ಮಳೆಗೆ ಮುಂಚೆ ಕೊಳೆರೋಗ ತಡೆಯುವ ಬೋರ್ಡೊ ದ್ರಾವಣ ಹೊಡೆದರೆ ಹಣ್ಣು ಕೊಯ್ಯುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಬೀಜಕ್ಕೆ ಮೇಲೆ ಹಣ್ಣಿನ ಸಿಪ್ಪೆ, ಒಳಗೆ ಹೊಟ್ಟು. ಅದೆಲ್ಲ ಬಿಚ್ಚಿಕೊಂಡೇ ಲೋಟಕ್ಕೆ ಬರುತ್ತದೆ. ಟೀಗೆ ಅಂಥ ಅಂಗಿ ಇಲ್ಲ. ಕುಡಿಯುವುದು ಆ ಎಲೆಯನ್ನೇ. ಏಳೆಂಟು ದಿನಕ್ಕೊಮ್ಮೆ ಚಿಗುರು ಕೀಳಲೇಬೇಕು.

ಈಗ ನಾನು ಪ್ರತಿ ತೋಟದಲ್ಲೂ ಹೇಳಿ ಹೇಳಿ ಸುಸ್ತಾದ ವಿಷಯಕ್ಕೆ ಬರುತ್ತೇನೆ. ಟೀ ಎಲೆಯನ್ನು ಫ್ಯಾಕ್ಟರಿಯಲ್ಲಿ ಯಾರೂ ತೊಳೆಯುವುದಿಲ್ಲ. ಬುಟ್ಟಿಯಿಂದ ಬಂದ ಎಲೆಯನ್ನು ಗಾಳಿಗೆ ಹರಡಿ ಬಾಡಿಸುತ್ತಾರೆ, ಹಿಂಡಿ ಹರಿಯುತ್ತಾರೆ, ಬಣ್ಣ ತಿರುಗಲು ಬಿಡುತ್ತಾರೆ, ಬಿಸಿ ಗಾಳಿಯಲ್ಲಿ ಒಣಗಿಸುತ್ತಾರೆ. ಎಲ್ಲೂ ನೀರು ಹಾಕಿ ತೊಳೆಯುವ ಹಂತ ಇಲ್ಲ. ಆ ಎಲೆಗೆ ಮೊದಲ ಸ್ನಾನ ನಿಮ್ಮ ಪಾತ್ರೆಯ ಕುದಿಯುವ ನೀರಿನಲ್ಲಿ. ಆ ನೀರನ್ನು ನಾವು ಚೆಲ್ಲುವುದೂ ಇಲ್ಲ, ಕುಡಿಯುತ್ತೇವೆ, ಅಲ್ವಾ?

ಇನ್ನೂ ಇದೆ. ಒಂದು ಕೆಜಿ ಟೀ ಪುಡಿಗೆ ಸುಮಾರು ನಾಲ್ಕೂವರೆ ಕೆಜಿ ಹಸಿ ಎಲೆ ಬೇಕು. ಆರಿ ಹೋಗುವುದು ನೀರು. ಔಷಧಿ ಬಿಸಿಗೆ ಒಂದಿಷ್ಟು ಕಳೆಯಬಹುದು, ಅದನ್ನು ನಂಬಿಕೊಂಡು ಕೂರಬೇಡಿ. ಉಳಿದಿದ್ದೆಲ್ಲ ಆ ಒಂದು ಕೆಜಿಯಲ್ಲೇ ಸೇರಿಕೊಳ್ಳುತ್ತದೆ. ಬೇರೆ ಮಿತಿ ಗೊತ್ತು ಮಾಡದ ಔಷಧಿಗೆ ಯೂರೋಪಿನವರು ಒಪ್ಪುವುದು ಕೆಜಿಗೆ 0.01 ಮಿಲಿಗ್ರಾಂ. ನೂರು ಟನ್ ಟೀಯಲ್ಲಿ ಒಂದು ಗ್ರಾಂ ಅಂದುಕೊಳ್ಳಿ. ಅಷ್ಟಕ್ಕೇ ಕಂಟೇನರ್ ವಾಪಸ್ ಬರಬಹುದು.

ಮತ್ತೊಬ್ಬರು ‘ನಾವು ಹೊಡೆಯೋದು ಹಸಿರು ತ್ರಿಕೋನದ್ದು ಮಾತ್ರ, ಆರ್ಗ್ಯಾನಿಕ್ ಥರ’ ಅಂದರು. ನನಗೆ ನಗು ತಡೆಯಲಾಗಲಿಲ್ಲ. ಕೀಟನಾಶಕದ ಡಬ್ಬದ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಹೇಳುವುದು ಅದು ಮನುಷ್ಯನಿಗೆ ಎಷ್ಟು ಬೇಗ ವಿಷವಾಗುತ್ತದೆ ಅನ್ನುವುದನ್ನು. ಎಲೆಯಲ್ಲಿ ಎಷ್ಟು ದಿನ ಉಳಿಯುತ್ತದೆ ಅನ್ನುವುದನ್ನಲ್ಲ. ದಿನ ಬೇಕಾದರೆ ಲೇಬಲ್ ಓದಿ. ಜೊತೆಗೆ ಟೀ ಬೋರ್ಡ್ ಟೀಗೆ ಅಂತಲೇ ಒಪ್ಪಿದ ಔಷಧಿಗಳ ಪಟ್ಟಿ ಇಟ್ಟಿದೆ. ಅದರಲ್ಲಿ ಇಲ್ಲದ್ದನ್ನು ಅಂಗಡಿಯವರು ಎಷ್ಟು ಹೊಗಳಿದರೂ ತರಬೇಡಿ. ಎಷ್ಟು ದಿನ ಕಾಯಬೇಕು ಅಂತ ಫೋನಿನಲ್ಲಿ ನನ್ನನ್ನು ಕೇಳಬೇಡಿ. ಡಬ್ಬ ಕೈಗೆ ಬರದೆ ನಾನು ಹೇಳುವುದಿಲ್ಲ.

ಅವರ ಕಷ್ಟವೂ ಸುಳ್ಳಲ್ಲ. ಬೇಸಿಗೆಯಲ್ಲಿ ಕೆಂಪು ನುಸಿ ಎದ್ದರೆ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ, ಸುಮ್ನೆ ನೋಡುತ್ತಾ ಕೂರಲು ಆಗುವುದಿಲ್ಲ. ಕಾಯುತ್ತಾ ಕೂತರೆ ಚಿಗುರು ಬಲಿಯುತ್ತದೆ. ಬಲಿತ ಎಲೆಯ ಟೀಗೆ ರೇಟು ಇಲ್ಲ. ಅದಕ್ಕೇ ಮೊದಲು ಕಿತ್ತು, ಆಮೇಲೆ ಹೊಡೆಯಿರಿ ಅನ್ನುತ್ತೇನೆ. ಏಳು ದಿನದ ಔಷಧಿಯಾದರೆ ಮುಂದಿನ ಸುತ್ತಿನ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಹದಿನಾಲ್ಕು ದಿನದ್ದಾದರೆ ಮಧ್ಯದ ಸುತ್ತಿನ ಎಲೆಯನ್ನು ಕಿತ್ತು ಎಸೆಯಬೇಕು. ಅದಕ್ಕೂ ಮೊದಲು ಔಷಧಿ ಹೊಡೆದ ಬ್ಲಾಕಿಗೆ ಆಳು ಎಷ್ಟು ಹೊತ್ತು ಕಾಲಿಡಬಾರದು ಅಂತ ಲೇಬಲ್ಲಿನಲ್ಲಿ ನೋಡಿಕೊಳ್ಳಿ.

ಜಗಳ ಶುರುವಾಗುವುದು ಇಲ್ಲೇ. ಎಸೆಯುವ ಎಲೆಗೂ ಕೂಲಿ ಕೊಡಬೇಕಾ ಅಂತ ಕೇಳುತ್ತಾರೆ. ಕೊಡಬೇಕು ಸ್ವಾಮಿ. ತೂಕಕ್ಕೆ ಇಷ್ಟು ಅಂತ ಹೆಚ್ಚುವರಿ ದುಡ್ಡು ನಂಬಿಕೊಂಡ ಹೆಂಗಸು ಬೆಳಿಗ್ಗೆಯಿಂದ ಬಾಗಿ ಕಿತ್ತಿದ್ದಾಳೆ. ಅವಳ ಬೆರಳು ನೋಡಿದ್ದೀರಾ? ಸೊನೆ ಹತ್ತಿ ಕಪ್ಪಾಗಿ, ಉಗುರಿನ ಸಂದಿಯಲ್ಲಿ ಸೀಳು ಬಿಟ್ಟಿರುತ್ತದೆ. ಅದೇ ಕೈಯಲ್ಲಿ ಬ್ಲಾಕಿನ ಬದಿಯಲ್ಲಿ ಕೂತು ಬುತ್ತಿ ಬಿಚ್ಚುತ್ತಾಳೆ. ಕೈ ತೊಳೆಯಲು ಒಂದು ಡ್ರಮ್ ನೀರು, ಒಂದು ಸೋಪು ಇದ್ದ ತೋಟಗಳನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಬ್ಯಾನರಿಗೆ ಕೊಟ್ಟ ದುಡ್ಡಲ್ಲಿ ಎಷ್ಟು ಸೋಪು ಬರುತ್ತಿತ್ತೋ.

ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜಕ್ಕಾಗಿ ಮಾಡುವ ಖರ್ಚಿನ ಬಗ್ಗೆಯೂ ಒಂದು ಮಾತು. ಆಳುಗಳ ಲೈನ್ ಮನೆಗೆ ಶೀಟು ಹೊದಿಸಿ ಅದನ್ನು ಸಿಎಸ್‌ಆರ್ ಲೆಕ್ಕಕ್ಕೆ ಬರೆಯುವ ಕಂಪನಿಗಳಿವೆ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಲಾಭದ ಶೇ 2ರಷ್ಟು ಖರ್ಚು ಮಾಡಿ ಅನ್ನುತ್ತದೆ, ನಿಜ. ಆದರೆ ಸ್ವಂತ ನೌಕರರ ಅನುಕೂಲಕ್ಕೆ ಮಾಡಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಆಳುಗಳಿಗೆ ಮನೆ ಕೊಡುವುದು 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದ ಬಂದ ಬಾಧ್ಯತೆ, ದಾನ ಅಲ್ಲ. ಉಳಿದದ್ದನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಿ.

ನಾಲ್ಕನೇ ಬ್ಲಾಕಿಗೆ ವಾಪಸ್ ಬರೋಣ. ಅಲ್ಲಿ ಒಂದು ಬೋರ್ಡ್ ಇತ್ತು. ‘ಔಷಧಿ ಸಿಂಪಡಿಸಲಾಗಿದೆ, ಪ್ರವೇಶವಿಲ್ಲ.’ ಚೆಂದದ ಅಕ್ಷರ. ಎಲೆ ಕೀಳುತ್ತಿದ್ದವರು ಅಸ್ಸಾಂ ಕಡೆಯವರು. ಒಬ್ಬಳನ್ನು ಹಿಂದಿಯಲ್ಲಿ ಕೇಳಿದೆ, ಇದರಲ್ಲಿ ಏನು ಬರೆದಿದೆ ಅಂತ. ನಾಚಿಕೊಂಡು ‘ಮಾಲೀಕರ ಹೆಸರು’ ಅಂದಳು. ಮ್ಯಾನೇಜರ್ ಮುಖ ಸಣ್ಣದಾಯಿತು. ಹಿಂದಿಯಲ್ಲೂ ಬರೆಸುತ್ತೇನೆ ಅಂದರು. ಜೊತೆಗಿದ್ದ ಹಳೇ ಮೇಸ್ತ್ರಿ, ‘ಅವ್ರಿಗೆ ಓದಕ್ಕೆ ಬಂದ್ರೆ ತಾನೆ?’ ಅಂದು ಹೋಗಿ ಹರಿದ ಕೆಂಪು ಸೀರೆಯ ತುಂಡು ತಂದು, ಬ್ಲಾಕಿನ ನಾಲ್ಕು ಮೂಲೆಗೂ ಗೂಟ ಹೊಡೆದು ಕಟ್ಟಿದ. ಬಟ್ಟೆ ಇರುವಷ್ಟು ದಿನ ಯಾರೂ ಒಳಗೆ ಹೋಗಬಾರದು. ಬಿಚ್ಚುವ ದಿನವನ್ನು ರೈಟರ್ ಬರೆದುಕೊಳ್ಳಬೇಕು.

ಮೊನ್ನೆ ಮ್ಯಾನೇಜರ್ ಮತ್ತೆ ಫೋನ್ ಮಾಡಿದ್ದರು. ಸಸಿ ಅರ್ಧಕ್ಕರ್ಧ ದನ ತಿಂದಿವೆಯಂತೆ, ಸರ್ಟಿಫಿಕೇಟಿನ ಆಡಿಟಿಗೆ ಮುಂಚೆ ಮತ್ತೆ ನೆಡಬೇಕಾ ಅಂತ ಚಿಂತೆ. ಕೆಂಪು ಬಟ್ಟೆ ಇನ್ನೂ ಕಟ್ಟುತ್ತಿದ್ದೀರಾ ಅಂತ ಕೇಳಿದೆ. ‘ಅದು ಮೇಸ್ತ್ರಿ ನೋಡ್ಕೊಳ್ತಾನೆ ಸಾರ್. ಏಳನೇ ಬ್ಲಾಕಲ್ಲಿ ಮೊನ್ನೆ ನನ್ನನ್ನೇ ಒಳಗೆ ಬಿಡ್ಲಿಲ್ಲ’ ಅಂದರು.