ಗಂಜಿ ಲೋಟದ ಲೆಕ್ಕ

ಮಂಡ್ಯ ಕಡೆ ಯಾರಾದರೂ ಆಸ್ಪತ್ರೆ ಸೇರಿದರೆ ಮನೆಯಿಂದ ಮೊದಲು ಹೊರಡುವುದು ರಾಗಿ ಗಂಜಿಯ ಫ್ಲಾಸ್ಕು. ‘ಮುದ್ದೆ ಗಿದ್ದೆ ಬ್ಯಾಡ, ತೆಳ್ಳಗೆ ಕುಡಿಸಿ’ ಎಂಬ ಮಾತೂ ಜೊತೆಗೇ ಬರುತ್ತದೆ. ಲೋಟಕ್ಕೆ 20 ಗ್ರಾಂ ಹಿಟ್ಟು ಹಾಕಿದರೆ ಸಿಗುವುದು ಸುಮಾರು 65 ಕ್ಯಾಲರಿ, ಒಂದೂವರೆ ಗ್ರಾಂ ಪ್ರೋಟೀನು. 50 ಕೆಜಿ ತೂಗುವ ರೋಗಿಗೆ ದಿನಕ್ಕೆ ಸಾಮಾನ್ಯವಾಗಿ 1,250ರಿಂದ 1,500 ಕ್ಯಾಲರಿ, 60 ಗ್ರಾಂನಷ್ಟು ಪ್ರೋಟೀನು ಬೇಕು. ಇಪ್ಪತ್ತು ಲೋಟ ಕುಡಿದರೂ ಪ್ರೋಟೀನು ಅರ್ಧಕ್ಕೇ ನಿಲ್ಲುತ್ತದೆ. ಅದೂ ಸೋಂಕು, ಆಪರೇಷನ್ನು ಮೈಯ ಸ್ನಾಯುಗಳನ್ನೇ ಕರಗಿಸುತ್ತಿರುವ ಹೊತ್ತಿನಲ್ಲಿ.

ಹೀಗೆ ಪೋಷಣೆ ಸಾಲದೆ ಸೊರಗುವ ರೋಗಿಗಳನ್ನು ಗುರುತಿಸಲು ಬ್ರಿಟನ್ನಿನವರು 2003ರಲ್ಲಿ ತಂದ ‘ಮಸ್ಟ್’ ವಿಧಾನ ಕೇಳುವುದು ಮೂರೇ ಸಂಗತಿ: ಎತ್ತರಕ್ಕೆ ತಕ್ಕ ತೂಕವಿದೆಯೇ, ಮೂರರಿಂದ ಆರು ತಿಂಗಳಲ್ಲಿ ತೂಕ ತಾನಾಗಿ ಇಳಿದಿದೆಯೇ, ಕಾಯಿಲೆಯ ದೆಸೆಯಿಂದ ಐದು ದಿನಕ್ಕೂ ಹೆಚ್ಚು ಹೊಟ್ಟೆಗೆ ಏನೂ ಬೀಳದ ಸ್ಥಿತಿಯೇ. 60 ಕೆಜಿ ಇದ್ದವರು 54ಕ್ಕಿಂತ ಕೆಳಗಿಳಿದರೆ ಅದೊಂದೇ ಸಾಕು, ಅಪಾಯದ ಪಟ್ಟಿಗೆ ಸೇರಿದಂತೆ. ಆದರೆ ನಮ್ಮ ಹಳ್ಳಿಯವರಿಗೆ ಹಳೆಯ ತೂಕ ಎಲ್ಲಿ ಗೊತ್ತಿರುತ್ತದೆ! ‘ಅಜ್ಜಿ, ರವಿಕೆ ಸಡ್ಲ ಆಯ್ತಾ?’ ಎಂದು ಕೇಳಿ ನೋಡಿ, ಯಾವ ಹಬ್ಬದಿಂದ ಎಂಬುದನ್ನೂ ಸೇರಿಸಿ ಹೇಳುತ್ತಾರೆ. ಎದ್ದು ನಿಲ್ಲಲಾಗದವರ ಮೇಲ್ದೋಳಿಗೆ ಟೇಪು ಸುತ್ತಬಹುದು, 23.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅನುಮಾನಪಡಬೇಕು. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ನೋಡಿ ಪೋಷಣೆ ಅಳೆಯುವ ರೂಢಿ ಮಾತ್ರ ಬಿಡುವುದೇ ವಾಸಿ. ಬರೀ ಸೋಂಕಿಗೂ ಅದು ಇಳಿಯುತ್ತದೆ.

ಹಾಗಂತ ಗಂಜಿಯನ್ನು ದೂರಬೇಕಿಲ್ಲ. ಹಿಟ್ಟು ಹೆಚ್ಚಿಸಿದರೆ ಪಿಷ್ಟ ನೀರು ಹೀರಿ ಉಬ್ಬಿ, ಗಂಜಿ ಚಮಚಕ್ಕೆ ಅಂಟಿಕೊಳ್ಳುತ್ತದೆ. ಸುಸ್ತಾದ ರೋಗಿಗೆ ನುಂಗಲಾಗದು. ರಾಗಿ ಮೊಳೆಯುವಾಗ ಹುಟ್ಟುವ ಅಮೈಲೇಸ್ ಕಿಣ್ವ ಈ ಪಿಷ್ಟವನ್ನು ತುಂಡರಿಸುತ್ತದೆ. ಹಾಗಾಗಿ ಮೊಳಕೆ ರಾಗಿಯ ಹಿಟ್ಟನ್ನು ಹೆಚ್ಚು ಹಾಕಿದರೂ ಗಂಜಿ ಕುಡಿಯುವಷ್ಟು ತೆಳ್ಳಗೇ ಇರುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಎಳೆಮಕ್ಕಳ ಆಹಾರಕ್ಕೆಂದು ಇದನ್ನು ಆಳವಾಗಿ ಅಧ್ಯಯನ ಮಾಡಿದ್ದಾರೆ. ಜೊತೆಗೆ ಹುರಿಗಡಲೆ ಪುಡಿ, ಹಾಲು, ಚಮಚ ತುಪ್ಪ. ಒಂದು ಮೊಟ್ಟೆಯಲ್ಲೇ ಆರು ಗ್ರಾಂ ಪ್ರೋಟೀನಿದೆ. ಕಿಡ್ನಿ ತೊಂದರೆ ಇದ್ದವರ ಲೆಕ್ಕ ಬೇರೆ, ಅದನ್ನು ಡಯಟಿಶಿಯನ್ನರೇ ಹಾಕಬೇಕು.

ಇದರಿಂದ ಪ್ರಯೋಜನವುಂಟೇ? ಸ್ವಿಟ್ಜರ್ಲೆಂಡಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಬ್ಬೊಬ್ಬರಿಗೂ ತಕ್ಕಂತೆ ಊಟ ಹೊಂದಿಸಿದಾಗ ತಿಂಗಳೊಳಗಿನ ಸಾವು ಶೇ. 10ರಿಂದ ಶೇ. 7ಕ್ಕೆ ಇಳಿಯಿತು.

ಒಂದೇ ಎಚ್ಚರ: ವಾರಗಟ್ಟಲೆ ಉಣ್ಣದವರಿಗೆ ಮೊದಲ ದಿನವೇ ಹೊಟ್ಟೆ ಬಿರಿಯ ಕೊಡಬಾರದು. ಇನ್ಸುಲಿನ್ ಏಕಾಏಕಿ ಏರಿ ರಕ್ತದ ಫಾಸ್ಫೇಟು, ಪೊಟ್ಯಾಸಿಯಂ ಕುಸಿದು ಹೃದಯದ ಲಯ ತಪ್ಪಬಹುದು. ಅದಕ್ಕೇ ವೈದ್ಯರು ಥಯಮಿನ್ (ಬಿ1 ವಿಟಮಿನ್) ಕೊಟ್ಟು, ರಕ್ತ ಪರೀಕ್ಷಿಸುತ್ತಾ, ಊಟವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾರೆ.