ವ್ಯಾನ್ ಗೋ ಸಿನಿಮಾಗಳು ಮತ್ತು ಕೊನೆಯ ಕ್ಯಾನ್ವಾಸ್

ದಾವಣಗೆರೆಯಲ್ಲಿ ನನ್ನ ಹಾಗೆ ಚಿತ್ರಕಲೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಬದುಕನ್ನು ನಾನು ಮೊದಲು ತಿಳಿದದ್ದು ಎರಡು ಸಿನಿಮಾಗಳಿಂದ: 1956ರ ‘ಲಸ್ಟ್ ಫಾರ್ ಲೈಫ್’, 2017ರ ‘ಲವಿಂಗ್ ವಿನ್ಸೆಂಟ್’.

ಎರಡನೆಯದರ ತಂತ್ರ ಮೊದಲು ನೋಡೋಣ. ನಟರ ಅಭಿನಯವನ್ನು ಶೂಟ್ ಮಾಡಿಕೊಂಡು, ಆಮೇಲೆ ಸುಮಾರು 65,000 ಫ್ರೇಮ್‌ಗಳನ್ನು ಎಣ್ಣೆಬಣ್ಣದಲ್ಲಿ ಬರೆದರು. ನೂರಕ್ಕೂ ಹೆಚ್ಚು ಕಲಾವಿದರ ದುಡಿಮೆ ಅದು. ಫ್ರೇಮಿಗೊಂದು ಹೊಸ ಕ್ಯಾನ್ವಾಸ್ ಅಲ್ಲ. ಬರೆದದ್ದರ ಫೋಟೊ ತೆಗೆದು, ಚಲಿಸುವ ಭಾಗದ ಹಸಿ ಬಣ್ಣ ಕೆರೆದು, ಅದೇ ಜಾಗದಲ್ಲಿ ಮುಂದಿನ ಚಲನೆ ಬರೆಯುವುದು. ಎಣ್ಣೆಬಣ್ಣ ಬೇಗ ಒಣಗದಿರುವುದು ಇಲ್ಲಿ ಅನುಕೂಲವೇ ಆಯಿತು.

ಕಥೆಯನ್ನು ಮಾತ್ರ ದಾಖಲೆ ಅಂದುಕೊಳ್ಳಬೇಡಿ. ಅದರ ಕಥಾನಾಯಕ, ಅಂಚೆಯವನ ಮಗ ಅರ್ಮಾಂಡ್ ರೂಲಾಂ ನಿಜವಾಗಿ ಇದ್ದವನು. 1888ರಲ್ಲಿ ಫ್ರಾನ್ಸಿನ ಆರ್ಲ್ ಊರಿನಲ್ಲಿ ವ್ಯಾನ್ ಗೋ ಅವನ ಭಾವಚಿತ್ರ ಬರೆದಿದ್ದ. ವ್ಯಾನ್ ಗೋ ಬರೆದ ಕೊನೆಯ ಕಾಗದ ಹಿಡಿದು ಅವನು, ವ್ಯಾನ್ ಗೋ ತೀರಿಕೊಂಡ ಓವೇರ್ ಹಳ್ಳಿಗೆ ಹೋಗುವುದು ಕಲ್ಪನೆ.

ನನ್ನನ್ನು ಹೆಚ್ಚು ದಾರಿ ತಪ್ಪಿಸಿದ್ದು ಹಳೆಯ ಸಿನಿಮಾ. ಅದರಲ್ಲಿ ಗೋಧಿ ಹೊಲದ ಕಾಗೆಗಳನ್ನು ಬರೆಯುತ್ತಿರುವಾಗಲೇ ಗುಂಡಿನ ಸದ್ದು. ‘ಕಾಗೆಗಳೇ ಕೊನೆಯ ಚಿತ್ರ’ ಅಂತ ನಾನೂ ಉತ್ತರಪತ್ರಿಕೆಯಲ್ಲಿ ಬರೆದೆ. ತಪ್ಪು. 1890ರ ಜುಲೈ 10ರ ಸುಮಾರಿಗೇ, ಕದಡಿದ ಆಕಾಶದ ಕೆಳಗಿನ ಗೋಧಿ ಹೊಲಗಳನ್ನು ಬರೆದಿದ್ದೇನೆ ಎಂದು ಆತ ತಮ್ಮ ಥಿಯೋಗೆ ಪತ್ರ ಹಾಕಿದ್ದ. ಗುಂಡೇಟಾದದ್ದು 27ಕ್ಕೆ, ತೀರಿಕೊಂಡದ್ದು 29ಕ್ಕೆ. ಅದೇ ಪತ್ರದಲ್ಲಿ ದುಃಖ, ಒಂಟಿತನದ ಮಾತಿದೆ. ಹಳ್ಳಿಗಾಡು ಕೊಡುವ ಆರೋಗ್ಯ, ಚೈತನ್ಯದ ಮಾತೂ ಇದೆ. ಸಿನಿಮಾ ಮೊದಲ ಅರ್ಧವನ್ನಷ್ಟೇ ಎತ್ತಿಕೊಂಡಿತು.

ಕೊನೆಯದು ‘ಮರದ ಬೇರುಗಳು’ ಎಂಬುದು ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂನ ನಿಲುವು. ಸಾಯುವ ಮುನ್ನ ಆತ ಬಿಸಿಲು, ಜೀವ ತುಂಬಿದ ಕಾಡಿನ ನೋಟವೊಂದನ್ನು ಬರೆದಿದ್ದನೆಂದು ಥಿಯೋನ ಭಾವಮೈದ ಆಂಡ್ರೀಸ್ ಬಾಂಗರ್ ದಾಖಲಿಸಿದ್ದಾನೆ.

ಚಿತ್ರದುರ್ಗದ ಕೋಟೆಗೆ ಸ್ಕೆಚ್ ಮಾಡಲು ಹೋದಾಗ ಬಂಡೆ ಸಂದಿಯ ಬೇರುಗಳನ್ನು ಬಿಡಿಸಿ ನೋಡಿ. ಬೇರು ಯಾವುದು, ನೆರಳು ಯಾವುದು ಎಂದು ಕಣ್ಣು ತಡಕಾಡುತ್ತದೆ. ಅದಾದ ಮೇಲೆ ಆ ಕ್ಯಾನ್ವಾಸ್ ನೋಡಿ: ಆಕಾಶವಿಲ್ಲ, ಕಾಗೆಯಿಲ್ಲ, ನೀಲಿ ಬೇರುಗಳು, ಹಸಿರು ಎಲೆ, ಅಲ್ಲಲ್ಲಿ ಬಣ್ಣ ಪೂರ್ತಿ ತುಂಬದ ಜಾಗ.