ಬರೆದವರು ಒಬ್ಬರು, ಹೆಸರು ಇನ್ನೊಬ್ಬರದು: ಇದು ಸರಿಯಾ?

ಪ್ರಶ್ನೆ: ನಮ್ಮ ಅಜ್ಜನಿಗೆ ಎಂಬತ್ತು ದಾಟಿದೆ. ತಮ್ಮ ಬದುಕು ಪುಸ್ತಕವಾಗಬೇಕು ಅಂತ ಆಸೆ. ಆದರೆ ಪೆನ್ನು ಹಿಡಿದರೆ ಕೈ ನಡುಗುತ್ತದೆ. ದುಡ್ಡು ಕೊಟ್ಟು ಬೇರೆಯವರಿಂದ ಬರೆಸಿ ಅಜ್ಜನ ಹೆಸರು ಹಾಕಿದರೆ ಸುಳ್ಳು ಹೇಳಿದ ಹಾಗಾಗುವುದಿಲ್ಲವಾ?

ಉತ್ತರ: ಶಿವಮೊಗ್ಗದಲ್ಲಿದ್ದುಕೊಂಡು ಬೇರೆಯವರ ಕತೆ ಬರೆದುಕೊಡುವ ನನಗೆ ಜಾಸ್ತಿ ಬರುವ ಪ್ರಶ್ನೆ ಇದೇ. ಸುಳ್ಳಾಗುವುದಿಲ್ಲ. ಆದರೆ ಬರೆದದ್ದನ್ನೆಲ್ಲ ಅಜ್ಜನಿಗೆ ಓದಿ ಹೇಳಬೇಕು. ಅವರು "ಹೌದು, ಇದು ನನ್ನದೇ" ಅನ್ನಬೇಕು. ಅಷ್ಟಾಗದೆ ಒಂದು ಪುಟವೂ ಅಚ್ಚಿಗೆ ಹೋಗಬಾರದು.

ಇದನ್ನು ನನಗೆ ಕಲಿಸಿದ್ದು ತೊಂಬತ್ತು ದಾಟಿದ ಒಬ್ಬ ಅಜ್ಜಿ. ಶರಾವತಿ ಹಿನ್ನೀರಿನ ಕಡೆಯವರು. ಅಡಿಕೆ ಸುಲಿಯುವ ಕಾಲ. ರಾತ್ರಿ ಮನೆಯವರೆಲ್ಲ ಮೆಟ್ಟುಗತ್ತಿ ಮುಂದೆ ಕೂತಿದ್ದರು, ಅಜ್ಜಿ ಗೋಡೆಗೆ ಒರಗಿ ಮಾತಾಡುತ್ತಿದ್ದರು. ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. "ಮುಳುಗಡೆ ಆದ ವರ್ಷವೇ ನನ್ನ ಮದುವೆ" ಅಂದರು. ನಮ್ಮ ಕಡೆಯ ಹಿರಿಯರು ಇಸವಿ ಹೇಳುವುದು ಕಡಿಮೆ, ಅಲ್ವಾ? ಶರಾವತಿಗೆ ಕಟ್ಟಿ ಊರುಗಳನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮದುವೆಯೂ ಅದೇ ವರ್ಷ ಅಂತ ನಾನು ಬರೆದುಬಿಟ್ಟೆ.

ಅಧ್ಯಾಯ ಓದಿ ಹೇಳುವಾಗ ಅಜ್ಜಿ ತಡೆದರು. "ಅಲ್ಲ ತಮ್ಮಾ, ಅದು ಎರಡನೇ ಮುಳುಗಡೆ. ಆಗ ನನ್ನ ಮಗ ಶಾಲೆಗೆ ಹೋಗ್ತಿದ್ದ."

ಅವರು ಹೇಳಿದ್ದು ಅದೇ ನದಿಗೆ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟಿನ ಮುಳುಗಡೆ, 1940ರ ದಶಕದ್ದು. ಆ ಅಣೆಕಟ್ಟೇ ಈಗ ಲಿಂಗನಮಕ್ಕಿಯ ನೀರಿನೊಳಗಿದೆ. ನೀರು ತುಂಬಾ ಇಳಿದ ಬೇಸಿಗೆಯಲ್ಲಿ ಮಾತ್ರ ಮೇಲೆ ಕಾಣುತ್ತದೆ. ಎರಡು ಸಲ ಮನೆ ಬಿಟ್ಟು ಎದ್ದವರ ಕತೆಯನ್ನು ನಾನು ಒಂದೇ ಸಲದ ಕತೆ ಮಾಡಿಬಿಡುತ್ತಿದ್ದೆ. ಅಜ್ಜಿ ತಿದ್ದದೆ ಹೋಗಿದ್ದರೆ ಆ ಪುಸ್ತಕ ನಿಜಕ್ಕೂ ಸುಳ್ಳಾಗುತ್ತಿತ್ತು.

ಮಾತಿನ ವಿಷಯವೂ ಹೀಗೇ. ಅಜ್ಜ "ಸಂಕ" ಅಂದರೆ ಸಂಕ ಅಂತಲೇ ಬರೆಯಬೇಕು. ಅದನ್ನು ಕಾಲುಸೇತುವೆ ಅಂತ ತಿದ್ದಿದರೆ, ಅದರ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು ಶಾಲೆಗೆ ಹೋದ ಹುಡುಗನೇ ಕಾಣೆಯಾಗುತ್ತಾನೆ. ಹೇಳಿದ್ದನ್ನೇ ಹತ್ತು ಸಲ ಹೇಳಿದ್ದರೆ ಒಂದು ಸಲಕ್ಕೆ ಇಳಿಸುತ್ತೇನೆ, ಹಿಂದುಮುಂದಾದದ್ದನ್ನು ಜೋಡಿಸುತ್ತೇನೆ. ಇಲ್ಲದ್ದನ್ನು ಸೇರಿಸುವುದಿಲ್ಲ.

ಕಷ್ಟ ಬರುವುದು ಮನೆಯವರಿಂದ. ಸಾಲದ ವಿಷಯ ಬೇಡ, ಅಣ್ಣತಮ್ಮಂದಿರ ಹಿಸ್ಸೆ ಜಗಳ ಬೇಡ ಅಂತ ಮಕ್ಕಳು ನನಗೆ ಬೇರೆಯಾಗಿ ಫೋನ್ ಮಾಡುತ್ತಾರೆ. ಅವರ ಮುಜುಗರ ನನಗೆ ಅರ್ಥವಾಗುತ್ತದೆ. ಆದರೂ ಕತೆ ಹೇಳಿದವರನ್ನು ಕೇಳದೆ ನಾನು ಒಂದು ಸಾಲನ್ನೂ ತೆಗೆಯುವುದಿಲ್ಲ. ನೀವೂ ಅಜ್ಜನ ಬೆನ್ನ ಹಿಂದೆ ತೆಗೆಸಬೇಡಿ.

ಹೆಸರಿಗೆ ಕನ್ನಡದಲ್ಲಿ ಒಂದು ಒಳ್ಳೆಯ ರೂಢಿ ಇದೆ. ಎಷ್ಟೋ ಆತ್ಮಕತೆಗಳಲ್ಲಿ ಹೇಳಿದವರ ಹೆಸರಿನ ಕೆಳಗೆ "ನಿರೂಪಣೆ" ಅಂತ ಬರೆದವರ ಹೆಸರೂ ಇರುತ್ತದೆ. ನಿಮ್ಮ ಮನಸ್ಸಿಗೆ ಅಳುಕಿದ್ದರೆ ಹಾಗೆ ಮಾಡಿ. ನನಗಂತೂ ಅದೇ ಇಷ್ಟ.

ಒಪ್ಪಂದ ಮಾತ್ರ ಬಾಯಿಮಾತಿನಲ್ಲಿ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಮೊದಲ ಹಕ್ಕು ಬರೆದವರದ್ದು. ಅದನ್ನು ಅಜ್ಜನಿಗೆ ವಹಿಸಿಕೊಡುವುದು ಬರಹದಲ್ಲಿ, ಸಹಿ ಸಮೇತ ಇರಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. ಹಾಗಾಗಿ ಕೃತಿಸ್ವಾಮ್ಯದ ಪೂರ್ತಿ ಅವಧಿಗೆ ಅಂತ ಸ್ಪಷ್ಟವಾಗಿ ಬರೆಸಿ. ರೆಕಾರ್ಡಿಂಗ್‌ನ ಒಂದು ಪ್ರತಿ ಮನೆಯಲ್ಲಿರಲಿ.

ಬರೆಯುವವರು ಸಿಗುವ ತನಕ ಕಾಯಬೇಕಾಗಿಲ್ಲ. ಇವತ್ತೇ ಫೋನ್ ಹಿಡಿದು ಅಜ್ಜನ ಪಕ್ಕ ಕೂತುಕೊಳ್ಳಿ. ಹುಟ್ಟಿದ ಇಸವಿಯಿಂದ ಶುರು ಮಾಡಬೇಡಿ. ಹಳೇ ಮನೆಯ ಜಗಲಿ ಮೇಲೆ ಕೂತರೆ ಎದುರಿಗೆ ಏನೇನು ಕಾಣುತ್ತಿತ್ತು ಅಂತ ಕೇಳಿ.